ಹಸಿರು ಗೂಟ

ನಾಟಿಯ ಕಾಲ. ಕೆರೆಯ ಕೆಳಗಿನ ಗದ್ದೆಗಳಲ್ಲಿ ಹೆಂಗಸರು ಬೆಳಗಿನಿಂದಲೇ ಬಗ್ಗಿದ್ದರು. ಮಳವಳ್ಳಿಯ ಅಂಗಡಿಬೀದಿಯಲ್ಲಿ ಪುರಸಭೆಯ ಗುಮಾಸ್ತ ಯೋಗಾನರಸಿಂಹನೂ ಬಗ್ಗಿಯೇ ಇದ್ದ, ಗೂಟ ಹೊಡೆಯುತ್ತಿದ್ದ.

ಅಂಗಡಿಗಳಿದ್ದಲ್ಲಿ ಕೆಂಪು ಗೂಟ, ಬರೀ ಮನೆಗಳಿದ್ದಲ್ಲಿ ಹಳದಿ, ಗದ್ದೆ ಹೊಲಕ್ಕೆ ಹಸಿರು. ಪೇಟೆಯಿಂದ ಕೆರೆಬಯಲಿನ ತನಕ ಸಂಜೆಯೊಳಗೆ ಮುಗಿಯಬೇಕೆಂದು ಸಾಹೇಬರ ಹುಕುಂ. ಯಾಕೆಂದು ಅವರು ಹೇಳಲಿಲ್ಲ, ಕೇಳುವ ಧೈರ್ಯ ಇವನಿಗಿರಲಿಲ್ಲ. ಕಂದಾಯ ಏರಿಸುವುದಕ್ಕಲ್ಲದೆ ಸರ್ಕಾರ ಇನ್ನೇತಕ್ಕೆ ಗೂಟ ಹೊಡೆಸೀತು? ಏರಿದರೂ ಗದ್ದೆಗೆ ಕಮ್ಮಿಯೇ. ಅಂಗಡಿಸಾಲಿನ ನಡುವೆಯೇ ಇದ್ದ ತನ್ನ ಮನೆಯ ಮುಂದೆ, ಅತ್ತಿತ್ತ ನೋಡಿ, ಒಂದು ಹಸಿರು ಗೂಟ ಹೊಡೆದ.

ಜಗಲಿಯಲ್ಲಿ ಹೊಲಿಯುತ್ತಿದ್ದ ಹೆಂಡತಿ ಚೂಡಾಮಣಿ ಕೇಳಿದಳು. "ಏನ್ರೀ ಅದು?"

"ಮೆತ್ತಗೆ ಮಾತಾಡೇ. ನಮ್ಮನೆ ಇವತ್ತಿನಿಂದ ಗದ್ದೆ."

"ಗದ್ದೇಲಾದ್ರೂ ಬೆಳದಿಂಗಳು ಬೀಳುತ್ತೆ. ರೇಷನ್ ಸೀಮೆಎಣ್ಣೇಲಿ ಸೂಜಿ ಕಣ್ಣೂ ಕಾಣಲ್ಲ ನಂಗೆ."

"ಊರಿಗೆ ಕರೆಂಟು ಬರ್ಲಿ, ಮೊದಲ ದೀಪ ನಿಂಗೇ ಕಣೇ."

ಎದುರಿನ ಸೈಕಲ್ ಅಂಗಡಿಯ ಬಾಬು ಜಾನ್ ಎಲ್ಲ ನೋಡಿದ್ದ. "ಸ್ವಾಮೇರೆ, ನಿಮ್ಮನೆ ಗದ್ದೆ ಆದ್ರೆ ನನ್ನಂಗ್ಡಿ ಯಾಕೆ ಪ್ಯಾಟೆ?" ಎಂದವನೇ ಹಿತ್ತಲಿನ ಎಮ್ಮೆ ತಂದು ಸೈಕಲ್ಲುಗಳ ನಡುವೆ ಕಟ್ಟಿದ. "ನೋಡಿ, ಕೊಟ್ಟಿಗೆ. ಹಸುರು ಹೊಡೀರಿ."

ಪಕ್ಕದ ಬೋಂಡದಂಗಡಿಯ ಬೆಳ್ಳಮ್ಮ ಬಾಗಿಲಿಗೆ ನಾಕು ಕೊಡ ನೀರು ಸುರಿದು, ಕೆಸರಿಗೆ ಒಂದು ಹಿಡಿ ಪೈರು ಸಿಕ್ಕಿಸಿದಳು. "ನಾಟಿ ಆಯ್ತು ಕಣ್ ಅಯ್ನೋರೆ, ಒಡೀರಿ ಹಸುರ್ನ. ಇಲ್ದಿದ್ರೆ ನಿಮ್ಮನೆ ಗೂಟ ಕಿತ್ಕಂಡೋಗಿ ಸಾಯೇಬ್ರ ಮುಂದೆ ಮಡಗ್ತೀನಿ!"

ಮಧ್ಯಾಹ್ನದ ಹೊತ್ತಿಗೆ ಅಂಗಡಿಬೀದಿ ಕೊತ್ತಂಬರಿ ಮಡಿಯಂತೆ ಹಸಿರಾಯಿತು.

ಗದ್ದೆಬಯಲು ತಲುಪಿದಾಗ ಚೀಲದಲ್ಲಿ ಒಂದೂ ಹಸಿರು ಗೂಟವಿಲ್ಲ. ಸಾಹೇಬರಿಗೆ ಖಾಲಿ ಚೀಲ ತೋರಿಸಬೇಕು. ಮರಿಸಿದ್ದಯ್ಯನ ಗದ್ದೆಯ ಬದುವಿನುದ್ದಕ್ಕೂ ಕೆಂಪು ಗೂಟಗಳನ್ನೇ ಬಡಿದ.

"ಇದೇನ್ ಬುದ್ದಿ, ನನ್ ಗದ್ದೆ ಪ್ಯಾಟೆಯಾ?"

"ಸುಮ್ನಿರಯ್ಯ, ನಾಳೆ ಬದಲಾಯಿಸ್ತೀನಿ."

ಹೊತ್ತು ಮುಳುಗುವಾಗ ಶಿವನಸಮುದ್ರದ ಕಡೆಯಿಂದ ಕಂಬ ಹೇರಿಕೊಂಡು ಲಾರಿ ಬಂತು. ಮೇಸ್ತ್ರಿ ಹಮೀದ್ ಇಳಿದ.

"ಕೆಂಪು ಗೂಟ ಎಲ್ಲವೆ ಸ್ವಾಮಿ? ಕರೆಂಟ್ ದೀಪ ಅಲ್ಲಿಗೇ ಮೊದ್ಲು. ಹಳದಿಗೆ ಆಮೇಲೆ. ಹಸುರಿಗಿಲ್ಲ. ಕಪ್ಪೆಗೆ ಯಾಕ್ ದೀಪ?"

ಯೋಗಾನರಸಿಂಹ ಖಾಲಿ ಚೀಲವನ್ನು ಮಡಚಿ ಕಂಕುಳಿಗೆ ಸಿಕ್ಕಿಸಿದ. "ಗೂಟ... ಸ್ವಲ್ಪ ಹೆಚ್ಚುಕಮ್ಮಿ ಆಗಿದೆ."

"ಸಾಹೇಬ್ರು ಹಿಂದ್ಗಡೆ ಜಟಕಾದಲ್ಲಿ ಬತ್ತಾವ್ರೆ, ಅವ್ರಿಗೇ ಹೇಳಿ."

ಹೇಳುವುದಾದರೆ ತನ್ನ ಮನೆಯ ಬಾಗಿಲಿಂದಲೇ ಶುರುಮಾಡಬೇಕು. ಜಟಕಾ ಬಂತು, ಹೋಯಿತು. ಇವನು ಕೈಮುಗಿದು ನಿಂತೇ ಇದ್ದ. ಅಂದೇ ರಾತ್ರಿ ಕೆಂಪು ಗೂಟ ಕಂಡಲ್ಲೆಲ್ಲ ಕಂಬ ಇಳಿದವು.

ಕೊಯ್ಲಿನ ಹೊತ್ತಿಗೆ ಮರಿಸಿದ್ದಯ್ಯನ ಬದುವಿನ ಮೇಲೆ ದೀಪ ಝಗ್ಗೆಂದಿತು. ಅಂಗಡಿಬೀದಿ ಕತ್ತಲೆಯಲ್ಲೇ ಉಳಿಯಿತು. ಚೂಡಾಮಣಿ ಸೂಜಿ, ದಾರ, ಚಾಪೆ ಎತ್ತಿಕೊಂಡಳು.

"ಮೊದಲ ದೀಪ ನನಗೇ ಅಂದಿದ್ರಲ್ಲ? ಲಾಟೀನು ಹಿಡ್ಕೊಂಡು ಮುಂದೆ ನಡೀರಿ."

ಬದುವಿನ ದೀಪದಡಿ ಕಾಲು ಚಾಚಿ ಕೂತಿದ್ದ ಮರಿಸಿದ್ದಯ್ಯ ಎದ್ದು ಜಾಗ ಬಿಟ್ಟ.

"ಬನ್ನಿ ಬುದ್ದಿ, ಬನ್ನಿ. ಅಳ್ಳಿಯಿಂದ ಈಗ ಬಂದ್ರಾ ಪ್ಯಾಟೆಗೆ?"