ಇಪ್ಪತ್ತೊಂದು ತೂತಿನ ಉಂಡೆ

ನಮ್ಮ ಮಾವ ನಿವೃತ್ತರಾಗಿದ್ದಾರೆ ಎಂದು ಬಸ್ ಡಿಪೋದವರು ನಂಬಿದ್ದಾರೆ. ಅವರ ಆಕಳುಗಳನ್ನು ಕೇಳಿ ನೋಡಿ, ಅವು ಖಂಡಿತ ಒಪ್ಪುವುದಿಲ್ಲ!

ಮಾವ ಎಂದರೆ ನನ್ನ ತಾಯಿಯ ಅಣ್ಣ. ಕುಮಟಾ, ಹೊನ್ನಾವರ, ಭಟ್ಕಳದ ದಾರಿಯಲ್ಲಿ ಮೂವತ್ತು ವರ್ಷ ಕಂಡಕ್ಟರಾಗಿದ್ದವರು. ಕೆಲಸ ಮುಗಿದ ಮೇಲೆ ಹಳದೀಪುರದ ಮನೆಯಲ್ಲಿ ಎರಡು ಆಕಳು ಕಟ್ಟಿದರು. ದಾರಿಯಲ್ಲಿ ಸಿಕ್ಕಿದ ಪ್ರತಿಯೊಂದು ಗಿಡದ ಮುಂದೆ ನಿಂತು ಬಾಯಿ ಹಾಕುವ ಊರ ಆಕಳಿಗೆ ‘ಲೋಕಲ್’ ಎಂದು ಹೆಸರು. ಎಲ್ಲಿಯೂ ನಿಲ್ಲದೆ ನೆಟ್ಟಗೆ ಕೊಟ್ಟಿಗೆಗೇ ಬರುವ ಜರ್ಸಿಗೆ ‘ಎಕ್ಸ್‌ಪ್ರೆಸ್’. ಮೇಯಿಸಲು ಹೊರಡುವಾಗ ಒಂದು ಸೀಟಿ, ಕಟ್ಟುವಾಗ ಎರಡು ಸೀಟಿ. ಕೊಟ್ಟಿಗೆಯ ಬಾಗಿಲಲ್ಲಿ ಎರಡೂ ಒಟ್ಟಿಗೆ ನುಗ್ಗಿದರೆ, “ಮುಂದೆ ಹೋಗ್ರಿ, ಮುಂದೆ ಹೋಗ್ರಿ, ಒಳಗೆ ಎಷ್ಟು ಜಾಗ ಅದೆ!” ಎಂಬ ಕೂಗು ಹೆದ್ದಾರಿಯವರೆಗೂ ಕೇಳುತ್ತಿತ್ತು. ಒಮ್ಮೆ ರಸ್ತೆಯಲ್ಲಿ ಹೋಗುತ್ತಿದ್ದ ಬಸ್ಸೇ ನಿಂತುಬಿಟ್ಟಿತಂತೆ. ಇದನ್ನು ನಾನು ಕಂಡಿಲ್ಲ, ಮಾವ ಹೇಳಿದ್ದು.

ನಾನು ಕಂಡದ್ದು ಉಂಡೆಗಳ ಪ್ರಕರಣ. ಎಲ್ಲರ ಅಂಗಿ ಜೇಬಿಗೆ ಆಗಷ್ಟೇ ಮೊಬೈಲು ಬರುತ್ತಿದ್ದ ಕಾಲ. ಮಾವ ಘಟ್ಟದ ಮೇಲಿನ ಯಾವುದೋ ದೊಡ್ಡ ಡೈರಿಗೆ ಹೋಗಿ ಬಂದವರು, ಒಂದು ವಾರದ ಮೇಲೆ ಲಾರಿಯಲ್ಲಿ ನಾಲ್ಕು ಉಂಡೆ ತರಿಸಿದರು. ಹಸಿ ಜೋಳದ ದಂಟನ್ನು ಕತ್ತರಿಸಿ, ಯಂತ್ರದಲ್ಲಿ ಒತ್ತಿ ಉಂಡೆ ಮಾಡಿ, ಗಾಳಿ ಆಡದಂತೆ ಬಿಳಿ ಪ್ಲಾಸ್ಟಿಕ್ಕನ್ನು ಸುತ್ತು ಸುತ್ತು ಸುತ್ತಿದ್ದರು. ರಸಮೇವು ಎನ್ನುತ್ತಾರೆ. ಒಂದೂವರೆ ತಿಂಗಳು ಮುಟ್ಟದೆ ಇಟ್ಟರೆ ಒಳಗೇ ಹುಳಿಯಾಗಿ ಹದಕ್ಕೆ ಬರುತ್ತದೆ. ಒಂದೊಂದು ಉಂಡೆ ನನ್ನ ಎದೆಯ ಎತ್ತರ. ಆರು ಜನ ಸೇರಿ ತಳ್ಳಿದರೆ ಅಲ್ಲಾಡುತ್ತಿತ್ತು. ಐದು ಜನಕ್ಕೆ ಜಗ್ಗುತ್ತಿರಲಿಲ್ಲ.

ಇಳಿಸುವುದು ಹೇಗೆ? ಲಾರಿಗೆ ಎರಡು ತೆಂಗಿನ ದಿಮ್ಮಿ ಒರಗಿಸಿ, ಹಿಂದಿನಿಂದ ಹಗ್ಗ ಹಿಡಿದು ಉರುಳಿಸಿದೆವು. ಮೂರು ಉಂಡೆ ಮರ್ಯಾದೆಯಿಂದ ಇಳಿದವು. ನಾಲ್ಕನೆಯದರ ಹಗ್ಗ ಜಾರಿತು. ಅದು ಅಂಗಳದ ಇಳಿಜಾರಿನಲ್ಲಿ ನನ್ನಿಂದ ಒಂದು ಮೊಳ ಆಚೆ ಹಾದು, ಬಾವಿಯ ಕಡೆಗೆ ಹೊರಟಿತು. ಮಾವ ಏನು ಮಾಡಿದರು ಗೊತ್ತೇ? ಸೀಟಿ ಊದಿದರು! ಉಂಡೆ ತೆಂಗಿನ ಮರಕ್ಕೆ ಬಡಿದು ನಿಂತಿತು.

“ಕಂಡ್ಯಾ ಅಳಿಯಾ? ಸೀಟಿ ಹೊಡೆದ್ರೆ ಎಂತದಾದ್ರೂ ನಿಲ್ತದೆ.”

“ಮರ ಇತ್ತು ಮಾವ.”

“ಮರ ನಿನ್ನೆಯೂ ಇತ್ತು. ನಿನ್ನೆ ನಿಂತಿತ್ತೇನೋ ಉಂಡೆ?”



ಉಂಡೆಗಳನ್ನು ಮನೆಯ ಪಕ್ಕದಲ್ಲಿ ಸಾಲಾಗಿ ನಿಲ್ಲಿಸಿದರು. ಮೊದಲನೆಯದು ಅಡುಗೆಮನೆಯ ಗೋಡೆಗೆ ತಾಗುವಷ್ಟು ಹತ್ತಿರ. ಆಮೇಲೆ ಶುರುವಾಯಿತು ಕಾಗೆಗಳ ಮೇಲಿನ ಯುದ್ಧ. ಕಾಗೆ ಕುಕ್ಕಿ ತೂತಾದರೆ ಗಾಳಿ ಒಳಗೆ ಹೋಗುತ್ತದೆ, ಮೇವು ಕೆಡುತ್ತದೆ. ಮಾವ ಕೊಡೆ ಹಿಡಿದು ಅಂಗಳದಲ್ಲಿ ಕಾವಲು ಕುಳಿತರು. “ಟಿಕೆಟ್ ಇಲ್ದೇ ಹತ್ತುವ ಜಾತಿ ಇದು!” ಎಂದು ಬೈಯುವುದು, ತೂತಾದಲ್ಲಿ ಸೈಕಲ್ ಟ್ಯೂಬಿನ ತುಂಡು ಕತ್ತರಿಸಿ, ಸೊಲ್ಯೂಶನ್ ಹಚ್ಚಿ ಪಂಕ್ಚರ್ ಹಾಕುವುದು. ದಿನಕ್ಕೆ ಎರಡು ಹೊತ್ತು ತಪಾಸಣೆ. ಅತ್ತೆಯ ಕಾಲುನೋವನ್ನು ಅವರು ಇಷ್ಟು ಸಲ ವಿಚಾರಿಸಿದ್ದನ್ನು ನಾನು ಕೇಳಿಲ್ಲ.

ಹತ್ತು ದಿನ ಕಳೆದಿರಬೇಕು. ನಾನು ಕುಮಟಾದಿಂದ ಭಾನುವಾರ ಹೋಗಿದ್ದೆ. ಮಾವ ಟ್ಯೂಬು ತರಲು ಹೊನ್ನಾವರಕ್ಕೆ ಹೋಗಿದ್ದರು. ಅತ್ತೆ ನನ್ನನ್ನು ಅಡುಗೆಮನೆಯ ಹಿಂದಕ್ಕೆ ಕರೆದು, ಮೊದಲನೆಯ ಉಂಡೆಯ ಮೇಲೆ ನನ್ನ ಕೈ ಇಡಿಸಿದರು.

“ಬಿಸಿ ಅದೆ ಅಲ್ದಾ ತಮಾ?”

“ಬಿಸಿಲಿಗೆ ಅತ್ತೆ.”

“ಬಿಸಿಲಿಗೆ ಅಲ್ಲ. ಹಸಿ ಹುಲ್ಲು ಒಟ್ಟಿದ್ರೆ ಒಳಗೇ ಬೇಯ್ತದೆ. ಆಮೇಲೆ ಹೊತ್ತಿಕೊಳ್ತದೆ. ನಮ್ಮ ಅಪ್ಪನ ಮನೇಲಿ ಹುಲ್ಲಿನ ಕುತ್ರಿ ಹಾಗೇ ಸುಟ್ಟುಹೋದದ್ದು. ಗಾಳಿ ಆಡಬೇಕು ಅದಕ್ಕೆ. ಇವರಿಗೆ ಹೇಳಿದ್ರೆ ಕೇಳ್ತಾರಾ?”

ನಮ್ಮ ಕಡೆ ಬತ್ತದ ಹುಲ್ಲಿನ ಕುತ್ರಿ, ಅಂದರೆ ಬಣವೆ, ಒಟ್ಟುವವರೆಲ್ಲ ಅರಿತ ಮಾತು ಅದು; ಹಸಿ ಹುಲ್ಲೆಂದರೆ ಭಯ, ಗಾಳಿಯೆಂದರೆ ರಕ್ಷಣೆ. ಮಾವನ ಮಾತಿಗಿಂತ ಇದೇ ನನಗೂ ಸರಿ ಎನಿಸಿತು. ಅತ್ತೆ ಗೋಣಿ ಹೊಲಿಯುವ ದಬ್ಬಣ ಕೊಟ್ಟರು. ನಾನು ಗೋಡೆಯ ಕಡೆಗಿನ ಮಗ್ಗುಲಲ್ಲಿ, ಮಾವನ ಹೊಟ್ಟೆ ಹೋಗಲಾರದ ಸಂದಿನಲ್ಲಿ ನುಸುಳಿ, ಒಂದೊಂದಾಗಿ ಚುಚ್ಚಿದೆ. ಇಪ್ಪತ್ತೊಂದು ತೂತು. ಎಣಿಸಿಯೇ ಚುಚ್ಚಿದ್ದೆ. ಒಳಗಿನಿಂದ ಸಣ್ಣಗೆ ಹುಳಿವಾಸನೆ ಬಂತು. ಅತ್ತೆ ದೊಡ್ಡ ಉಸಿರು ಬಿಟ್ಟು, “ಈಗ ಆತು” ಎಂದರು. ಮಾವ ಬಂದರು, ಕಾಗೆಗಳಿಗೆ ಬೈದರು, ಊಟ ಮಾಡಿದರು. ಯಾರಿಗೂ ಏನೂ ಗೊತ್ತಾಗಲಿಲ್ಲ.

ಉಂಡೆ ಬಿಚ್ಚುವ ಭಾನುವಾರ ಬಂತು. ಎಕ್ಸ್‌ಪ್ರೆಸ್ ಆಗ ಚೊಚ್ಚಲು ಗಬ್ಬ, ಕರು ಹಾಕಲು ಇನ್ನೊಂದು ತಿಂಗಳು. ಕುಮಟಾ ಬಸ್‌ಸ್ಟ್ಯಾಂಡಿನಲ್ಲಿ ಪರಿಚಯದ ಪಶುವೈದ್ಯರು ಸಿಕ್ಕಿದರು. ಮಾತಿಗೆ ಮಾತು ಬಂದು ತೂತಿನ ವಿಷಯ ಹೇಳಿದೆ. ಅವರ ಮುಖ ಬದಲಾಯಿತು.

“ಗಾಳಿ ಹೋದ್ರೆ ಬೂಸ್ಟು ಹಿಡೀತದೆ ಮಾರಾಯ್ರೇ. ಗಬ್ಬದ ಆಕಳಿಗೆ ಅದನ್ನ ಹಾಕಬೇಡಿ. ಕರು ಬಿದ್ದುಹೋಗಬಹುದು. ಆಕಳೂ ಉಳೀದೇ ಇರಬಹುದು.”

ಎಸ್‌ಟಿಡಿ ಅಂಗಡಿಯಿಂದ ಫೋನು ಮಾಡಿದೆ. ರಿಂಗಾಯಿತು, ರಿಂಗಾಯಿತು, ಯಾರೂ ಎತ್ತಲಿಲ್ಲ. ಎಲ್ಲರೂ ಉಂಡೆಯ ಮುಂದೆ ನಿಂತಿರಬೇಕಲ್ಲ! ಸಿಕ್ಕಿದ ಬಸ್ಸು ಹತ್ತಿದೆ. ಅದು ಕೈ ಎತ್ತಿದವರಿಗೆಲ್ಲ ನಿಂತಿತು. ಕೈ ಎತ್ತದೆ ಸುಮ್ಮನೆ ತಲೆ ಕೆರೆದುಕೊಂಡವರಿಗೂ ನಿಂತಿತು. ಮೀನಿನ ಬುಟ್ಟಿ ಇಳಿಸಲು ಒಮ್ಮೆ, ಮರೆತ ಕೊಡೆ ಕೊಡಲು ಒಮ್ಮೆ. ಹಳದೀಪುರದಲ್ಲಿ ಇಳಿದು ಓಡಿದೆ.

ಅಡುಗೆಮನೆಯ ಗೋಡೆಯ ಪಕ್ಕದ ಉಂಡೆ ಬಿಚ್ಚಿಯಾಗಿತ್ತು. ಮಾವ ಅದರ ಪ್ಲಾಸ್ಟಿಕ್ಕನ್ನು ಆಕಳ ಬಾಯಿಗೆ ಸಿಗದಂತೆ ಮಡಚಿ ಮಡಚಿ ಗೋಣಿಗೆ ತುಂಬುತ್ತಿದ್ದರು. ಕೊಟ್ಟಿಗೆಯಲ್ಲಿ ಎಕ್ಸ್‌ಪ್ರೆಸ್ ಬುಟ್ಟಿಗೆ ಮೂತಿ ಹಾಕಿ, ಕಣ್ಣು ಅರ್ಧ ಮುಚ್ಚಿ ತಿನ್ನುತ್ತಿತ್ತು.

ನಾನು ಹೋಗಿ ಬುಟ್ಟಿ ಹಿಡಿದು ಎಳೆದೆ. ಅದೂ ಬಿಡಲಿಲ್ಲ. ಗಬ್ಬದ ಆಕಳಿಗೆ ಎಷ್ಟು ಬಲವಿರುತ್ತದೆ ಎಂಬುದು ನನಗೆ ಆ ದಿನ ತಿಳಿಯಿತು. ಬುಟ್ಟಿಯ ಕಂಠ ಕಿತ್ತು ನನ್ನ ಕೈಯಲ್ಲಿ ಉಳಿಯಿತು. ನಾನು ಸಗಣಿಯಲ್ಲಿ ಕುಳಿತಿದ್ದೆ. ಆಕಳು ನನ್ನ ಕಡೆ ನೋಡಲೂ ಇಲ್ಲ.

“ಎಂತಾತೋ ಅಳಿಯಾ? ನಿಂಗೂ ಬೇಕೇನೋ? ಕ್ಯೂದಲ್ಲಿ ಬಾ!”

“ಮಾವ, ಹಾಕಬೇಡಿ! ಅದರಲ್ಲಿ ತೂತು ಇತ್ತು. ನಾನೇ ಚುಚ್ಚಿದ್ದು, ದಬ್ಬಣದಿಂದ. ಇಪ್ಪತ್ತೊಂದು.”

ಮಾವ ಹಿಂದೆ ತಿರುಗಿ ಅಡುಗೆಮನೆಯ ಕಡೆ ನೋಡಿದರು. ಅತ್ತೆ ಒಳಗಿದ್ದರು. ಮಾವ ದನಿ ತಗ್ಗಿಸಿದರು.

“ಇಪ್ಪತ್ಮೂರು.”

“ಹಾಂ?”

“ನೀ ಹೋದ ಮೇಲೆ ಅವಳು ಇನ್ನೆರಡು ಹೊಡೆದಳು. ಮೂವತ್ತು ವರ್ಷ ಸೀಟಿನ ಕೆಳಗೆ ಅಡಗಿದವರನ್ನ ಹಿಡಿದವ ನಾನು. ಗೋಡೆ ಸಂದಿಯಲ್ಲಿ ನೋಡೂದಿಲ್ಲ ಅಂದ್ಕಂಡ್ಯಾ? ಹೊಟ್ಟೆ ಹೋಗೂದಿಲ್ಲ, ಕನ್ನಡಿ ಹೋಗ್ತದೆ.”

“ಹಾಗಾದರೆ ಇದು?”

“ಇದು ಎರಡನೇದು, ಆರು ಜನರನ್ನ ಕರೆಸಿ ಆ ಜಾಗಕ್ಕೆ ತಂದು ನಿಲ್ಸಿದ್ದು. ಮೂಸಿ ನೋಡು, ಎಷ್ಟು ಚಂದ ವಾಸನೆ! ಆ ತೂತಿನದ್ದು ಮೊನ್ನೆ ತೆಂಗಿನ ಬುಡಕ್ಕೆ ಗೊಬ್ಬರಾಗಿ ಹೋತು. ಅವಳು ಕರ್ಕಿಗೆ ತಂಗಿ ಮನೆಗೆ ಹೋಗಿದ್ಲು. ಒಂದು ಉಂಡೆ ಯಾರಿಗೋ ಕೊಟ್ಟೆ ಅಂತ ಹೇಳಿದೆ.”

ಉಂಡೆಗಳು ಮೂರೇ ಇದ್ದವೆಂಬುದು ಆ ಗಾಬರಿಯಲ್ಲಿ ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ಸಗಣಿಯಲ್ಲೇ ಇನ್ನೂ ಸ್ವಲ್ಪ ಹೊತ್ತು ಕುಳಿತೆ. ಅಷ್ಟು ಹಾಯಾದ ಜಾಗ ನನಗೆ ಆಮೇಲೆ ಸಿಕ್ಕಿಲ್ಲ. (ಕರು ತಿಂಗಳ ಮೇಲೆ ಹುಟ್ಟಿತು. ಹೆಣ್ಣು. ಹುಟ್ಟಿದ ಅರ್ಧ ಗಂಟೆಗೆ ಎದ್ದು ನಿಂತಿತು.)

“ಅದೇ ದಿನ ಕಂಡಿದ್ದರೆ ಪಂಕ್ಚರ್ ಹಾಕಬಹುದಿತ್ತಲ್ಲ ಮಾವ? ಕಾಗೆ ಮಾಡಿದ ಒಂದು ತೂತಿಗೆ ಊರೆಲ್ಲ ಕೇಳುವ ಹಾಗೆ ಕೂಗುತ್ತೀರಿ!”

ಮಾವ ಗೋಣಿಯ ಬಾಯಿ ಕಟ್ಟಿದರು. ಕಟ್ಟಿದ್ದನ್ನು ಬಿಚ್ಚಿ ಮತ್ತೆ ಕಟ್ಟಿದರು.

“ಕುತ್ರಿ ಸುಟ್ಟದ್ದು ಹೇಳಿದ್ಲಾ ನಿಂಗೆ?”

“ಹೇಳಿದರು.”

“ಅದರ ಬುಡದಲ್ಲಿ ಎರಡು ಕರು ಕಟ್ಟಿತ್ತು. ಅದು ಹೇಳಿರೂದಿಲ್ಲ. ಇವಳು ಆಗ ಸಣ್ಣ ಹುಡುಗಿ, ಒಂದರ ಹಗ್ಗ ಬಿಚ್ಚಿದ್ಲಂತೆ. ಇನ್ನೊಂದರ ಗಂಟು ಕೈಗೆ ಬರ್ಲಿಲ್ಲ.” ಮಾವ ಗೋಣಿಯನ್ನು ಗೋಡೆಗೆ ಒರಗಿಸಿದರು. “ಈ ಉಂಡೆ ಬಂದಮೇಲೆ ಅವಳಿಗೆ ಸರಿ ಊಟ ಇಲ್ಲ, ನಿದ್ದೆ ಇಲ್ಲ. ನಾನು ಮರುಳ, ಕಾಗೆ ಕಾಯ್ತಾ ಕೂತಿದ್ದೆ. ತೂತು ಹೊಡೆದ ಮೇಲೆ ಮಲಗಿದ್ಲು. ಅದನ್ನ ಮುಚ್ಚೂಕೆ ಹೋಗ್ಲಾ ನಾನು?”

ಅವರು ಗೋಣಿ ಎತ್ತಿಕೊಂಡು ಹಿತ್ತಲಿಗೆ ಹೋದರು. ನಾನು ಬಾವಿಕಟ್ಟೆಯಲ್ಲಿ ಕೈಕಾಲು ತೊಳೆಯುತ್ತಿದ್ದಾಗ ಅತ್ತೆ ಒರೆಸಿಕೊಳ್ಳಲು ಪಂಚೆ ತಂದುಕೊಟ್ಟರು. ಕೊಟ್ಟಿಗೆಯ ಕಡೆ ಬಗ್ಗಿ ನೋಡಿದರು. ಎಕ್ಸ್‌ಪ್ರೆಸ್ ಕಂಠವಿಲ್ಲದ ಬುಟ್ಟಿಯ ತಳ ನೆಕ್ಕುತ್ತಿತ್ತು. ಅತ್ತೆಯ ಮುಖ ಅರಳಿತು. ನನ್ನ ಹತ್ತಿರ ಬಂದು ಪಿಸುದನಿಯಲ್ಲಿ ಹೇಳಿದರು:

“ಕಂಡ್ಯಾ ತಮಾ? ನಾವು ಗಾಳಿ ಆಡಿಸಿದ್ದಕ್ಕೇ ಇಷ್ಟು ಚಲೋ ಆತು. ಆದ್ರೆ ಇವರಿಗೆ ಹೇಳ್ಬೇಡ. ಪಾಪ, ಬೇಜಾರು ಮಾಡ್ಕಳ್ತಾರೆ.”

“ಇಲ್ಲ ಅತ್ತೆ,” ಎಂದೆ. “ಹೇಳುವುದಿಲ್ಲ.”