ಪೊರ್ಬುಗಳು ಮರಳಲ್ಲಿ ಮಲಗಿದ್ದು

ಗಟ್ಟಿ ಮನಸ್ಸು ಮಾಡಿ ಹೊರಟ ಕೆಲಸಗಳಲ್ಲೇ ನಗೆಪಾಟಲು ಜಾಸ್ತಿ. ಸುಮ್ಮನೆ ಮನೆಯಲ್ಲಿ ಬಿದ್ದುಕೊಂಡವನಿಗೆ ಏನೂ ಆಗುವುದಿಲ್ಲ. ಕುವೈತಿನಲ್ಲಿ ನನಗಿದು ಮತ್ತೆ ಮತ್ತೆ ಆದ ಅನುಭವ. ಅದರಲ್ಲೂ ನಾವು ನಾಲ್ವರು ಒಂದು ವಾರಾಂತ್ಯ ಮರುಭೂಮಿಗೆ ಹೋಗಿ ಟೆಂಟು ಹಾಕಿ ಬಂದದ್ದನ್ನು ನೆನೆದರೆ ಈಗಲೂ ಒಬ್ಬನೇ ನಗುತ್ತೇನೆ. ಮೊಬೈಲಿಗೆ ಇನ್ನೂ ಗುಂಡಿಗಳಿದ್ದ ಕಾಲ ಅದು.

೧. ಕಿಟಕಿಯಿಂದ ಕಾಣುವುದು

ನಾನು ಸ್ಟೋರ್‌ಕೀಪರ್ ಆಗಿದ್ದ ಆಫೀಸಿನಲ್ಲಿ ಮಂಗಳೂರು ಕಡೆಯ ಕೊಂಕಣಿ ಕ್ರಿಶ್ಚಿಯನ್ ಹಿರಿಯರೊಬ್ಬರು ಹೆಡ್‌ಕ್ಲಾರ್ಕ್. ನಮ್ಮ ತುಳುವರ ರೂಢಿಯಂತೆ ನಾನು ಅವರನ್ನು 'ಪೊರ್ಬುಗಳೇ' ಎಂದು ಕರೆಯುತ್ತಿದ್ದೆ. ಇಪ್ಪತ್ತನಾಲ್ಕು ವರ್ಷ ಕುವೈತಿನಲ್ಲಿ ದುಡಿದು, ಇನ್ನು ಹದಿನೈದು ದಿನಕ್ಕೆ ಇಕಾಮಾ ಎಂಬ ವಾಸದ ಪರವಾನಗಿ ರದ್ದು ಮಾಡಿಸಿ ಶಾಶ್ವತವಾಗಿ ಊರಿಗೆ ಹೊರಟಿದ್ದರು. ಒಂದು ದಿನ ಚಹಾ ಕುಡಿಯುತ್ತಾ ಇದ್ದಕ್ಕಿದ್ದಂತೆ ಕಪ್ಪು ಕೆಳಗಿಟ್ಟರು.

"ಮಾರಾಯ, ನಾನು ಮರುಭೂಮಿ ನೋಡ್ಲೇ ಇಲ್ಲ."

"ಎಂತ ಪೊರ್ಬುಗಳೇ, ಕುವೈತೇ ಮರುಭೂಮಿ ಅಲ್ವಾ? ನಿಮ್ಮ ಅಬು ಹಲೀಫಾದ ಫ್ಲ್ಯಾಟಿನ ಕಿಟಕಿಯಿಂದಲೇ ಕಾಣ್ತದಲ್ಲ?"

"ಅಲ್ಲಿಂದ ಕಾಣುವುದು ಪಾರ್ಕಿಂಗು!" ಎಂದರು ಸಿಟ್ಟಿನಿಂದ. "ಮನೆ, ಆಫೀಸು, ಚರ್ಚು. ಇಷ್ಟೇ ಆಯ್ತು ನಂದು. ಊರಲ್ಲಿ ಯಾರಾದ್ರೂ ಮರುಭೂಮಿ ಹೇಗಿದೆ ಅಂತ ಕೇಳಿದ್ರೆ ಎಂತ ಹೇಳುದು? ಒಂದು ರಾತ್ರಿ ಮರಳಲ್ಲಿ ಮಲಗದೆ ನಾನು ವಿಮಾನ ಹತ್ತುವುದಿಲ್ಲ."

ಅವರ ಹೆಂಡತಿ, ನಾವೆಲ್ಲ ಬಾಯಮ್ಮ ಎನ್ನುವವರು, ಆಸ್ಪತ್ರೆಯಲ್ಲಿ ನರ್ಸು. ಗಂಡನ ಹಟ ಕೇಳಿ, "ಹೋಗುದಾದ್ರೆ ನಾನೂ ಬರ್ತೇನೆ. ಇವರನ್ನು ಜೀವಂತ ವಾಪಸ್ ತರುವವರು ಒಬ್ಬರು ಬೇಡ್ವಾ?" ಎಂದರು. ಎಗೈಲಾದ ಅಂಗಡಿಯೊಂದರಲ್ಲಿದ್ದ ನಮ್ಮ ಬ್ಯಾರಿ ಸ್ನೇಹಿತ, ಎಲ್ಲರ ಬಾಯಲ್ಲೂ 'ಭಾಯಿ', ತನ್ನ ಹಳೆಯ ಫೋರ್‌ವೀಲ್ ಗಾಡಿ ತರಲು ಒಪ್ಪಿದ. ನನ್ನ ಹೆಂಡತಿಯನ್ನು ಕೇಳಿದೆ. "ನಿಮ್ಮ ಬಟ್ಟೆಯಿಂದ ಮರಳು ಕೊಡವುವ ಭಾಗ್ಯ ನನಗೆ ಇದ್ದೇ ಇದೆ. ಅಲ್ಲಿಗೇ ಹೋಗುವುದು ಬೇಡ" ಎಂದಳು.

ಶುಕ್ರವಾರ ಬೆಳಿಗ್ಗೆ ಸಾಮಾನು ತುಂಬುವಾಗ ಪೊರ್ಬುಗಳ ಚೀಲದಲ್ಲಿ ಏನೋ ಗಟ್ಟಿಯಾಗಿ ತಾಗಿತು. ತೆಗೆದು ನೋಡಿದರೆ ಇಸ್ತ್ರಿಪೆಟ್ಟಿಗೆ.

"ಇದನ್ನು ಮರುಭೂಮಿಯಲ್ಲಿ ಎಲ್ಲಿಗೆ ಚುಚ್ಚುದು?" ಎಂದ ಭಾಯಿ.

ಪೊರ್ಬುಗಳು ಸ್ವಲ್ಪ ಯೋಚಿಸಿ, "ಹಾಗಾದ್ರೆ ಟೇಬಲ್ ಫ್ಯಾನೂ ಬೇಡ" ಎಂದು ಇನ್ನೊಂದು ಚೀಲ ಇಳಿಸಿದರು.

೨. ಗಾಳಿಯ ವಿಚಾರ

ಸಾಲ್ಮಿ ರಸ್ತೆಯಲ್ಲಿ ಪಶ್ಚಿಮಕ್ಕೆ ಹೋಗಿ, ಡಾಂಬರು ಬಿಟ್ಟು ಮರಳಿಗೆ ಇಳಿಯುವ ಜಾಗದಲ್ಲಿ ಭಾಯಿ ಗಾಡಿ ನಿಲ್ಲಿಸಿದ. ಯುದ್ಧಕಾಲದ ಸಿಡಿಮದ್ದು ಎಲ್ಲಿ ಹೂತಿದೆಯೋ ಗೊತ್ತಿಲ್ಲವಾದ್ದರಿಂದ ಜನ ಓಡಾಡಿದ ಗಾಲಿಯ ಗುರುತು ಬಿಟ್ಟು ಹೋಗಬಾರದೆಂದು ನಮಗೆಲ್ಲ ಪಾಠ ಹೇಳಿದ. ಆಮೇಲೆ ಕೆಳಗೆ ಕೂತು ಟೈರಿನ ಗಾಳಿ ಬಿಡತೊಡಗಿದ. ಗಾಳಿ ಕಡಿಮೆಯಾದರೆ ಟೈರು ಅಗಲವಾಗಿ, ಮರಳಲ್ಲಿ ಹೂಳುವುದಿಲ್ಲ.

ಈ ವಿದ್ಯೆ ನನಗೆ ಹೇಳಿದ್ದ. ಪೊರ್ಬುಗಳಿಗೆ ಹೇಳಲು ಮರೆತಿದ್ದ.

ಬಲಗಡೆಯ ಎರಡು ಮುಗಿಸಿ ಎಡಗಡೆಯ ಎರಡು ಮುಗಿಸಿ, ಬೆನ್ನು ಹಿಡಿದುಕೊಂಡು ಎದ್ದು ಬಂದು ನೋಡುತ್ತಾನೆ, ಬಲಗಡೆಯ ಟೈರುಗಳು ಕಲ್ಲಿನ ಹಾಗೆ ನಿಂತಿವೆ. ಪಕ್ಕದಲ್ಲಿ ಕಾಲಿನಿಂದ ಒತ್ತುವ ಪಂಪು. ಅದರ ಮೇಲೆ ಪೊರ್ಬುಗಳು ಒಂಟಿಕಾಲಲ್ಲಿ ಕುಣಿಯುತ್ತಿದ್ದಾರೆ. ಅಂಗಿಯೆಲ್ಲ ಬೆವರು.

"ನೀನು ಚೆಕ್ ಮಾಡಿದ್ದು ಒಳ್ಳೆದಾಯ್ತು ಭಾಯಿ," ಎಂದರು ಏದುಸಿರು ಬಿಡುತ್ತಾ. "ಒಂದರಲ್ಲೂ ಗಾಳಿ ಇರ್ಲಿಲ್ಲ!"

೩. ಮಾಫಿ ಮುಶ್ಕಿಲಾ

ಇಷ್ಟೆಲ್ಲ ಮಾಡಿಯೂ ಒಂದು ತಗ್ಗಿನಲ್ಲಿ ಗಾಡಿ ಹೂತೇಹೋಯಿತು. ಭಾಯಿ ಆಕ್ಸಿಲರೇಟರ್ ಒತ್ತಿದಷ್ಟೂ ಕೆಳಗೆ. ಕೊನೆಗೆ ಬಾಗಿಲು ತೆರೆದರೆ ಮರಳಿಗೆ ತಾಗುವಷ್ಟಾಯಿತು.

ನನಗೆ ನಿಜವಾಗಿಯೂ ಹೆದರಿಕೆಯಾಯಿತು. ಸುತ್ತ ಒಂದು ಗಿಡವಿಲ್ಲ. ಯಾರಿಗಾದರೂ ಫೋನ್ ಮಾಡೋಣ ಎಂದೆ.

"ಯಾರನ್ನೂ ಕರೀಬಾರ್ದು," ಎಂದರು ಪೊರ್ಬುಗಳು ಪ್ಯಾಂಟು ಮಡಚುತ್ತಾ. "ಇಪ್ಪತ್ತನಾಲ್ಕು ವರ್ಷಕ್ಕೆ ಒಂದ್ಸಲ ಬಂದದ್ದು. ನಾವೇ ಹೂತದ್ದು, ನಾವೇ ತೆಗೀಬೇಕು."

ಒಂದೇ ಸಲಿಕೆ. ಉಳಿದವರು ತಟ್ಟೆ, ಪಾತ್ರೆಯ ಮುಚ್ಚಳ ಹಿಡಿದು ತೋಡಿದೆವು. ಅಷ್ಟರಲ್ಲಿ ಪಿಕಪ್ ಒಂದರಲ್ಲಿ ಮುದುಕನೊಬ್ಬ, ಮರುಭೂಮಿಯ ಬದು ಬುಡಕಟ್ಟಿನವನು, ಬಂದು ನಿಲ್ಲಿಸಿ, "ಫೀ ಮುಶ್ಕಿಲಾ?" ಎಂದ. ಏನಾದರೂ ತೊಂದರೆಯಾ ಎಂದು.

ನಾನು ಬಾಯಿ ತೆರೆಯುವ ಮೊದಲೇ ಪೊರ್ಬುಗಳು ಮಂಡಿಯುದ್ದ ಹೊಂಡದಲ್ಲಿ ನಿಂತು, "ಮಾಫಿ ಮುಶ್ಕಿಲಾ! ಪಿಕ್ನಿಕ್!" ಎಂದು ನಕ್ಕರು. ತೊಂದರೆ ಏನೂ ಇಲ್ಲ ಎಂದು.

ಮುದುಕ ನಂಬಿದ. ಇಳಿದು ಬಂದು ನಮ್ಮ ಚಾಪೆಯ ಮೇಲೆ ಕೂತ. ಬಾಯಮ್ಮ ಫ್ಲಾಸ್ಕಿನಿಂದ ಚಹಾ ಕೊಟ್ಟರು, ಕುಡಿದ. ಇನ್ನೊಂದು ಕಪ್ಪು ಕುಡಿದ. ನಾವು ಒಂದು ಗಂಟೆ ಹೊತ್ತು ತೋಡಿ, ಗಾಡಿಯೊಳಗಿನ ಮ್ಯಾಟುಗಳನ್ನು ಗಾಲಿಯಡಿ ತುರುಕಿ, ಬಿದ್ದು ಎದ್ದು ದೂಡುವುದನ್ನು ಖರ್ಜೂರ ತಿನ್ನುತ್ತಾ ಬಹಳ ಆಸಕ್ತಿಯಿಂದ ನೋಡಿದ. ಕೊನೆಗೆ ಗಾಡಿ ಒಮ್ಮೆ ಗುಡುಗಿ ಮೇಲೆ ಹತ್ತಿತು. ನಾವು ಮೂವರೂ ಮುಖ ಅಡಿಯಾಗಿ ಮರಳಿಗೆ ಬಿದ್ದೆವು. ಪೊರ್ಬುಗಳು ಬಿದ್ದಲ್ಲಿಂದಲೇ ಎರಡೂ ಕೈ ಮೇಲೆತ್ತಿ ಜಯಕಾರ ಹಾಕಿದರು.

ಮುದುಕ ಎದ್ದು, ಬಟ್ಟೆ ಕೊಡವಿಕೊಂಡು, ಬೇಸರದಿಂದ ಕೇಳಿದ: "ಪಿಕ್ನಿಕ್ ಖಲಾಸ್?"

೪. ನಿಶ್ಶಬ್ದ

ಸೂರ್ಯ ಇಳಿಯುವ ಹೊತ್ತಿಗೆ ಟೆಂಟು ನಿಂತಿತು. ಮರಳು ಕೆಂಪಾಗಿ, ಗಾಳಿ ನಿಂತು, ಎಲ್ಲಿಯೂ ಸದ್ದಿಲ್ಲ. ಪೊರ್ಬುಗಳು ನಮ್ಮಿಂದ ಸ್ವಲ್ಪ ದೂರ ಹೋಗಿ ಕಣ್ಣು ಮುಚ್ಚಿ ಕೂತರು. "ಯಾರೂ ಮಾತಾಡ್ಬೇಡಿ. ಇದನ್ನು ಕೇಳ್ಲಿಕ್ಕೇ ಬಂದದ್ದು ನಾನು" ಎಂದರು. ನಾನು ಕೈಯಲ್ಲಿದ್ದ ಪಾತ್ರೆಯನ್ನು ಸದ್ದಾಗದ ಹಾಗೆ ಮರಳ ಮೇಲಿಟ್ಟೆ.

ಆಗ ಅವರ ಜೇಬಿನಲ್ಲಿ ಫೋನು ಬಡಿದುಕೊಂಡಿತು. ನಮ್ಮ ಆಫೀಸಿನ ಮ್ಯಾನೇಜರು, ಈಜಿಪ್ಟಿನವರು. ಯಾವುದೋ ಫೈಲು ಸಿಗುತ್ತಿಲ್ಲ.

"ಸರ್, ನಾನು ಮರುಭೂಮಿಯಲ್ಲಿದ್ದೇನೆ," ಎಂದರು ಪೊರ್ಬುಗಳು ತುಂಬ ಗಂಭೀರವಾಗಿ.

ಆ ಕಡೆಯ ದನಿ ನಮಗೂ ಕೇಳಿಸಿತು: "ನಾವೆಲ್ಲರೂ ಇರುವುದು ಮರುಭೂಮಿಯಲ್ಲೇ. ಫೈಲು ಎಲ್ಲಿದೆ ಹೇಳು."

೫. ಆಮೆನ್

ಮಲಗುವಾಗ ಚಳಿ ಹಲ್ಲು ಕಟಕಟಿಸುವಷ್ಟಿತ್ತು. ಬಾಯಮ್ಮ ಟೆಂಟಿನಲ್ಲಿ, ನಾನು ಮತ್ತು ಭಾಯಿ ಗಾಡಿಯೊಳಗೆ. ಪೊರ್ಬುಗಳು ಮಾತ್ರ ಜಪ್ಪಯ್ಯ ಅಂದರೂ ಒಳಗೆ ಬರಲಿಲ್ಲ. ಮರಳಲ್ಲಿ ಮಲಗುವುದೆಂದರೆ ಮರಳಲ್ಲೇ. ಕಂಬಳಿ ಸುತ್ತಿ, ಅದರ ಮೇಲೆ ಬಿಳಿ ಬೆಡ್‌ಶೀಟು ಹೊದ್ದು, ಮುಖಕ್ಕೂ ಎಳೆದುಕೊಂಡು ನೆಟ್ಟಗೆ ಮಲಗಿದರು.

ಬೆಳಕು ಹರಿಯುವಾಗ ಕುರಿಗಳ ಸದ್ದಿಗೆ ನನಗೆ ಎಚ್ಚರವಾಯಿತು. ಗಾಜು ಒರೆಸಿ ನೋಡಿದೆ. ಮಂಜು ಮುಸುಕಿತ್ತು. ಸುತ್ತ ಒಂದು ಹಿಂಡು ಕುರಿ. ನಡುವೆ ಕುರಿ ಕಾಯುವವನೊಬ್ಬ ಎರಡೂ ಕೈ ಎತ್ತಿ ಪ್ರಾರ್ಥಿಸುತ್ತಿದ್ದ. ಬೆಳಗಿನ ನಮಾಜಿರಬೇಕೆಂದು ನಾನು ಸುಮ್ಮನಿದ್ದೆ. ಭಾಯಿ ಎದ್ದು ಕಿವಿಗೊಟ್ಟ. ಅವನ ಕಣ್ಣು ದೊಡ್ಡದಾಯಿತು.

"ಅದು ಬೆಳಗಿನ ನಮಾಜಲ್ಲ ಮಾರಾಯ. ಸತ್ತವರಿಗೆ ಮಾಡುವ ಪ್ರಾರ್ಥನೆ!"

ಆಗ ಗೊತ್ತಾಯಿತು. ಅವನ ಕಾಲ ಬುಡದಲ್ಲಿ ಪೊರ್ಬುಗಳು ಬಿಳಿ ಬಟ್ಟೆಯಲ್ಲಿ ಅಲುಗಾಡದೆ ಮಲಗಿದ್ದರು.

ಪೊರ್ಬುಗಳಿಗೆ ಆಗಲೇ ಎಚ್ಚರವಾಗಿತ್ತಂತೆ. ಆಮೇಲೆ ಅವರೇ ಹೇಳಿದ್ದು. ಹತ್ತಿರದಲ್ಲಿ ಯಾರೋ ಭಕ್ತಿಯಿಂದ ಪ್ರಾರ್ಥನೆ ಮಾಡುತ್ತಿದ್ದಾರೆ. ಯಾವ ಧರ್ಮದ್ದಾದರೇನು, ಪ್ರಾರ್ಥನೆಯ ನಡುವೆ ಎದ್ದರೆ ಅಗೌರವ ಎಂದು ಉಸಿರು ಬಿಗಿಹಿಡಿದು ಮಲಗಿದ್ದರು. ಪ್ರಾರ್ಥನೆ ಮುಗಿಯಿತು. ಆ ಮನುಷ್ಯ ಬಗ್ಗಿ, ಕಂಬಳಿಯಿಂದ ಹೊರಬಂದಿದ್ದ ಅವರ ಕಾಲನ್ನು ಮುಟ್ಟಿ ಬಟ್ಟೆ ಸರಿಮಾಡಿದ.

ಬಟ್ಟೆಯೊಳಗಿನಿಂದ ಪೊರ್ಬುಗಳು ಗಟ್ಟಿಯಾಗಿ, "ಆಮೆನ್!" ಎಂದರು.

ಮನುಷ್ಯರು ಮರಳಿನಲ್ಲಿ ಅಷ್ಟು ವೇಗವಾಗಿ ಓಡಬಲ್ಲರೆಂದು ನನಗೆ ಗೊತ್ತಿರಲಿಲ್ಲ. ಕೋಲು ಇಲ್ಲಿ, ಒಂದು ಚಪ್ಪಲಿ ಅಲ್ಲಿ. ಕುರಿಗಳು ಮಾತ್ರ ನಮ್ಮ ಪಾಲಿಗೆ. ಬಿಟ್ಟು ಹೋಗುವ ಹಾಗೂ ಇಲ್ಲ. ಭಾಯಿ ಗಾಡಿ ತೆಗೆದು ಅವನನ್ನು ಹುಡುಕಿಕೊಂಡು ಹೋದ. ಅವನು ಬರುವವರೆಗೆ ಆಫೀಸಿನ ಹೆಡ್‌ಕ್ಲಾರ್ಕು ಮತ್ತು ಸ್ಟೋರ್‌ಕೀಪರು ಸೇರಿ ಕುರಿ ಕಾದೆವು.

ಭಾಯಿ ಅವನನ್ನು ಸಮಾಧಾನ ಮಾಡಿ ಕರೆತಂದ. ರಾಜಸ್ಥಾನದವನು. ಪೊರ್ಬುಗಳು ನಗುತ್ತಾ ಕೈ ಚಾಚಿದರು. ಅವನು ಬಾಯಮ್ಮನ ಹಿಂದೆ ನಿಂತು, ನಡುಗುತ್ತಾ ಹಿಂದಿಯಲ್ಲಿ ಹೇಳಿದ: "ನಾನೇ ಮುಟ್ಟಿ ನೋಡಿದ್ದೇನೆ ಅಮ್ಮಾ. ಇವರ ಕಾಲು ಮಂಜುಗಡ್ಡೆಯಂತಿತ್ತು. ಇವರು ಸತ್ತಿದ್ದಾರೆ."

ಬಾಯಮ್ಮ ಅವನಿಗೆ ಚಹಾ ಬಗ್ಗಿಸುತ್ತಾ ಹೇಳಿದರು: "ತಮ್ಮಾ, ಆ ಕಾಲು ಮದುವೆಯಾದ ದಿನದಿಂದ ಹಾಗೇ ಇದೆ. ಮೂವತ್ತು ವರ್ಷದಿಂದ ನಾನೂ ದಿನಾ ಬೆಳಿಗ್ಗೆ ಮೂಗಿನ ಹತ್ತಿರ ಕೈಯಿಟ್ಟು ನೋಡಿಯೇ ಚಹಾ ಮಾಡುವುದು."