ವ್ಯಾನಿನಲ್ಲಿ ಈಳಿಗೆಮಣೆ

ಬೇರೆಯವರು ರಜಕ್ಕೆ ಹೋಗುತ್ತಾರೆ, ಬರುತ್ತಾರೆ, ಫೋಟೊ ತೋರಿಸುತ್ತಾರೆ. ನಾವು ಹೋದರೆ ಮಾತ್ರ ಏನಾದರೊಂದು ಆಗಿ, ಹೋಗುವಾಗ ಇದ್ದ ಸುಸ್ತಿಗೆ ಇನ್ನೊಂದಿಷ್ಟು ಸೇರಿಸಿಕೊಂಡು ವಾಪಸ್ ಬರುತ್ತೇವೆ. ಇದೆಲ್ಲ ನಮಗೇ ಯಾಕೆ ಆಗುತ್ತದೆ ಎಂದು ಕೇಳುವುದನ್ನು ನಾನು ಯಾವತ್ತೋ ಬಿಟ್ಟಿದ್ದೇನೆ.

ನನ್ನದು ಮರ್ಫಿ ಟೌನಿನಲ್ಲಿ ಒಂದು ಸಣ್ಣ ಟೈಲರಿಂಗ್ ಅಂಗಡಿ. ಬೆಳಿಗ್ಗೆಯಿಂದ ಕೇಳಿಸಿಕೊಳ್ಳುವ ಮಾತು ಒಂದೇ, "ಅಕ್ಕಾ, ಬ್ಲೌಸ್ ಯಾವಾಗ ಕೊಡ್ತೀರಾ?" ನಾನು ಹೇಳುವ ಮಾತೂ ಒಂದೇ, "ನಾಳೆ ಬನ್ನಿ." ನಮ್ಮ ಯಜಮಾನರು ಗರುಡಾಚಾರ್‌ಪಾಳ್ಯದ ಒಂದು ವರ್ಕ್‌ಶಾಪಿನಲ್ಲಿ ಲೇತ್ ಯಂತ್ರದ ಮುಂದೆ ನಿಂತು ಕೆಲಸ ಮಾಡುತ್ತಾರೆ. ಅವರು ದಿನವಿಡೀ ನಿಲ್ಲುತ್ತಾರೆ, ನಾನು ದಿನವಿಡೀ ಕೂರುತ್ತೇನೆ. ಇಬ್ಬರಿಗೂ ಬೇಕಾಗಿರುವುದು ಮಲಗುವುದು. ಮನೆಯಲ್ಲಿ ಅದು ಆಗುವುದಿಲ್ಲ, ಯಾಕೆಂದರೆ ಅಂಗಡಿ ಮುಚ್ಚಿದ್ದರೆ ಗಿರಾಕಿಗಳು ಮನೆ ಬಾಗಿಲು ತಟ್ಟುತ್ತಾರೆ.

ಅದಕ್ಕೇ ಅವರು ಹಳೆಯ ವ್ಯಾನೊಂದನ್ನು ತೆಗೆದುಕೊಂಡು ಹಿಂದಿನ ಸೀಟುಗಳನ್ನು ಕಿತ್ತು ಹಲಗೆ ಹೊಡೆದರು. ಅದರ ಮೇಲೆ ದಪ್ಪ ಹಾಸಿಗೆ ಹಾಕಿದರು. ಹಿಂಬಾಗಿಲಿಗೆ ಕಟ್ಟುವ ಪರದೆಯನ್ನು ನಾನೇ ಹೊಲಿದೆ. ಮಡಚುವ ಕುರ್ಚಿ, ಗ್ಯಾಸ್ ಒಲೆ, ಕಾಫಿ ಫಿಲ್ಟರು, ಎಲ್ಲಾ ಇದೆ. ನಡೆದು ಬೆಟ್ಟ ಹತ್ತುವ ಕ್ಯಾಂಪಿಂಗ್ ನಮಗೆ ಬೇಡ. ಕಾರು ನಿಲ್ಲಿಸಿದ ಕಡೆ ಕುರ್ಚಿ ಹಾಕಿ ಕೂರುವ ಕ್ಯಾಂಪಿಂಗ್ ಸಾಕು.

ಇವೆಲ್ಲಕ್ಕಿಂತ ಹೆಚ್ಚಾಗಿ ನಮ್ಮ ಚಾಕುಗಳು. ನಮ್ಮಮ್ಮ ಕೊಟ್ಟ ಈಳಿಗೆಮಣೆ, ಲಾರಿಯ ಸ್ಪ್ರಿಂಗ್ ಪಟ್ಟಿಯಿಂದ ಕಮ್ಮಾರನ ಕೈಲಿ ಬಡಿಸಿದ ಮಚ್ಚು, ಮೀನಿಗೊಂದು ತೆಳ್ಳನೆಯ ಚಾಕು. ಮೂರನ್ನೂ ಯಜಮಾನರೇ ಸಾಣೆ ಹಿಡಿಯುತ್ತಾರೆ. ಮರದ ಕೆಳಗೆ ಈಳಿಗೆಮಣೆ ಹಾಕಿಕೊಂಡು ಕೂತು, ಯಾವ ಆತುರವೂ ಇಲ್ಲದೆ ಬದನೆಕಾಯಿ ಹೆಚ್ಚುವ ಸುಖವೇ ಬೇರೆ. ಬಟ್ಟೆ ಕತ್ತರಿಸುವಾಗ ಒಂದು ಎಳೆ ಆಚೀಚೆ ಆದರೂ ಎದೆ ಹೊಡೆದುಕೊಳ್ಳುತ್ತದೆ. ಬದನೆಕಾಯಿ ಯಾವತ್ತೂ ತೋಳು ಬಿಗಿಯಾಯಿತು ಎಂದು ವಾಪಸ್ ಬಂದಿಲ್ಲ.

ನಾನು ಕೇಳಿದ್ದು ಇಷ್ಟೇ. ಒಂದು ಸಂಜೆ ಹೀಗೆ ಹೆಚ್ಚಿ, ಬೇಯಿಸಿ, ಉಂಡು, ಯಾರ ಬ್ಲೌಸಿನ ಚಿಂತೆಯೂ ಇಲ್ಲದೆ ಬೆಳಗಿನ ತನಕ ಮಲಗಬೇಕು. ಆ ಒಂದು ಸಂಜೆ ಸಿಗಲು ಏನೇನಾಯಿತು ನೋಡಿ.

ಸಾಕ್ಷಿ

ಮೊದಲ ಸಲ ಹೊರಟಾಗ ಕೆ.ಆರ್. ಪುರ ದಾಟುವ ಮುಂಚೆಯೇ ಪೊಲೀಸರು ಕೈ ಅಡ್ಡ ಹಿಡಿದರು. ಪೇದೆಯೊಬ್ಬರು ಹಿಂಬಾಗಿಲು ತೆಗೆಸಿ ಟಾರ್ಚ್ ಬಿಟ್ಟರು. ಲೈನಿಂಗ್ ಬಟ್ಟೆಯಲ್ಲಿ ಸುತ್ತಿದ್ದ ಗಂಟು ಬಿಚ್ಚಿದರು. ಮೊದಲು ಮಚ್ಚು ಬಂತು, ಆಮೇಲೆ ಮೀನಿನ ಚಾಕು, ಆಮೇಲೆ ಈಳಿಗೆಮಣೆ.

"ಏನ್ರೀ ಇದು?"

"ಕ್ಯಾಂಪಿಂಗ್ ಸಾರ್," ಅಂದರು ನಮ್ಮವರು.

"ಮಚ್ಚು ಸರಿ. ಹಾಸಿಗೆ ಯಾಕೆ?"

"ಮಲ್ಗೋಕೆ ಸಾರ್."

"ಹಾಸಿಗೆ ಸರಿ. ಮಚ್ಚು ಯಾಕೆ?"

ನಾನು ಇಳಿದು ಬಂದೆ. "ಸಾರ್, ಅದು ತೆಂಗಿನಕಾಯಿಗೆ. ಇದು ಮೀನಿಗೆ. ಈಳಿಗೆಮಣೆ ತರಕಾರಿಗೆ. ಅಡುಗೆ ಮಾಡ್ಕೊಂಡು ತಿನ್ನೋಕೆ ಹೋಗ್ತಾ ಇದೀವಿ."

ಈಳಿಗೆಮಣೆ ನೋಡಿ ಅವರ ಮುಖ ಸ್ವಲ್ಪ ಸಡಿಲವಾಯಿತು. ತಿರುಗಿಸಿ ನೋಡಿ, "ಹಳೇ ಕಾಲದ್ದು, ಚೆನ್ನಾಗಿದೆ," ಅಂದರು. ಆಮೇಲೆ ಕೇಳಿದರು, "ಸರಿ ಮೇಡಂ, ತೆಂಗಿನಕಾಯಿ ಎಲ್ಲಿ?"

ನಾನು ಯಜಮಾನರ ಮುಖ ನೋಡಿದೆ. ಅವರು ನನ್ನ ಮುಖ ನೋಡಿದರು. ತರಕಾರಿ ಚೀಲ ಮನೆಯ ಬಾಗಿಲ ಪಕ್ಕದಲ್ಲೇ ಕೂತಿತ್ತು. ಕಾಯಿಯೂ ಅದರಲ್ಲೇ ಇತ್ತು.

"ಹೆಚ್ಚೋಕೆ ಒಂದು ಮೆಣಸಿನಕಾಯೂ ಇಲ್ದೆ ಇಷ್ಟು ಚಾಕು ತಗೊಂಡು ಹೋಗೋರನ್ನ ನನ್ ಸರ್ವೀಸಲ್ಲೇ ನೋಡಿಲ್ಲ," ಅಂದರು ಪೇದೆ. ಪಾಪ, ಒಳ್ಳೆಯ ಮನುಷ್ಯ. ರಸ್ತೆಯಾಚೆ ನಿಂತಿದ್ದ ತಳ್ಳುಗಾಡಿ ತೋರಿಸಿ ಹೇಳಿದರು, "ಮುಂದೆ ಇನ್ನೂ ಚೆಕಿಂಗ್ ಇದೆ. ಹೋಗಿ ಏನಾದ್ರೂ ತಗೊಳ್ಳಿ, ಸಾಕ್ಷಿಗೆ."

ಗಾಡಿಯಲ್ಲಿ ಉಳಿದಿದ್ದು ಸಿಹಿಗುಂಬಳ ಮಾತ್ರ. ಇರುವುದರಲ್ಲೇ ದೊಡ್ಡದನ್ನು ತೆಗೆದುಕೊಂಡೆವು, ಟಾರ್ಚ್ ಬೆಳಕಿಗೆ ಚೆನ್ನಾಗಿ ಕಾಣಲಿ ಎಂದು. ಮುಂದೆ ಯಾರೂ ನಮ್ಮನ್ನು ನಿಲ್ಲಿಸಲಿಲ್ಲ. ಆ ಸಾಕ್ಷಿಯನ್ನು ರಾತ್ರಿ ಪಲ್ಯ ಮಾಡಿ, ಬೆಳಿಗ್ಗೆ ಹುಳಿ ಮಾಡಿ, ಉಳಿದದ್ದನ್ನು ವಾಪಸ್ ತಂದು ವಾರವೆಲ್ಲ ತಿಂದೆವು.

ಕೈಯಿಂದ ಕೈಗೆ

ನಮ್ಮತ್ತೆ ನಮ್ಮ ಜೊತೆಯಲ್ಲೇ ಇದ್ದಾರೆ. ಅವರದೊಂದು ಕಟ್ಟುನಿಟ್ಟಿನ ಮಾತು: ಚಾಕು ಕೈಯಿಂದ ಕೈಗೆ ಕೊಡಬಾರದು, ಕೊಟ್ಟರೆ ಜಗಳವಾಗುತ್ತದೆ. ಕೊಡುವವರು ನೆಲದ ಮೇಲಿಡಬೇಕು, ತೆಗೆದುಕೊಳ್ಳುವವರು ಎತ್ತಿಕೊಳ್ಳಬೇಕು. ಮದುವೆಯಾಗಿ ಬಂದ ದಿನದಿಂದ ಹಾಗೇ ಅಭ್ಯಾಸವಾಗಿದೆ.

ಮೀನಿನ ಚಾಕು ಕೊಳ್ಳಲು ಶಿವಾಜಿನಗರಕ್ಕೆ ಹೋಗಿದ್ದಾಗ ಅಂಗಡಿಯ ಸಾಬರು ಚಾಕುವನ್ನು ಒರೆಸಿ ನನ್ನ ಕಡೆ ಚಾಚಿದರು. ನಾನು ಕೈ ಹಿಂದಕ್ಕೆ ಎಳೆದುಕೊಂಡೆ.

"ಕೆಳಗಿಡಿ ಭಾಯ್."

"ಯಾಕಮ್ಮಾ? ಹೊಸಾ ಮಾಲು."

"ಕೈಗೆ ಕೊಟ್ರೆ ಜಗಳ ಆಗುತ್ತಂತೆ."

ಅವರು ಚಾಕುವನ್ನು ಮೆಲ್ಲಗೆ ಕಲ್ಲಿನ ಮೇಲಿಟ್ಟು ಸ್ವಲ್ಪ ಹೊತ್ತು ಯೋಚಿಸಿದರು. "ಅರೆ, ಈಗ ಗೊತ್ತಾಯ್ತು," ಅಂದರು. "ನಮ್ ಅಬ್ಬಾ ಕಾಲದಿಂದ ಎಲ್ಲಾರಿಗೂ ಕೈಗೇ ಕೊಟ್ಟಿದೀವಿ. ಅದಕ್ಕೇ ಗಿರಾಕಿಗಳೆಲ್ಲಾ ಸಂಜೆ ವಾಪಸ್ ಬಂದು ಜಗಳ ಆಡ್ತಾರೆ!"

ಮಾವಿನ ತೋಪಿನ ಗಿರಾಕಿ

ಹೊಸಕೋಟೆಯ ಆಚೆ ಒಬ್ಬರು ತಮ್ಮ ಮಾವಿನ ತೋಪಿನಲ್ಲಿ ಕಾರು ನಿಲ್ಲಿಸಿ ತಂಗಲು ಜಾಗ ಕೊಡುತ್ತಾರೆ. ನೀರಿದೆ, ಶೌಚಾಲಯ ಇದೆ, ನಾಯಿಯೂ ಇದೆ. ಎರಡನೆಯ ಸಲ ಅಲ್ಲಿಗೆ ಹೋದೆವು. ಈ ಸಲ ತರಕಾರಿ ಚೀಲವನ್ನು ನಾನು ತೊಡೆಯ ಮೇಲೇ ಇಟ್ಟುಕೊಂಡಿದ್ದೆ.

ಸಂಜೆ ಈಳಿಗೆಮಣೆ ಹಾಕಿಕೊಂಡು ಕೂತೆ. ಯಜಮಾನರು ಮಚ್ಚಿನಿಂದ ಕಾಯಿ ಒಡೆದು ಮಚ್ಚನ್ನು ನೆಲದ ಮೇಲಿಟ್ಟರು. ನಾನು ಎತ್ತಿಕೊಂಡು ಗೆಣಸು ಸೀಳಿ ನೆಲದ ಮೇಲಿಟ್ಟೆ. ಅವರು ಎತ್ತಿಕೊಂಡರು. ಇಬ್ಬರೂ ಮಾತಾಡುತ್ತಿರಲಿಲ್ಲ. ಮಾತಾಡದೆ ಇರುವುದಕ್ಕೇ ಅಷ್ಟು ದೂರ ಹೋಗಿದ್ದು.

ಪಕ್ಕದಲ್ಲಿ ದೊಡ್ಡ ಕಾರು ನಿಲ್ಲಿಸಿದ್ದ ಹೆಂಗಸೊಬ್ಬರು ಇದನ್ನೆಲ್ಲ ನೋಡುತ್ತಲೇ ಇದ್ದರು. ಕೊನೆಗೆ ತಡೆಯಲಾರದೆ ಎದ್ದು ಬಂದು ಮೆಲುದನಿಯಲ್ಲಿ ಹೇಳಿದರು, "ಸಾರಿ, ನಡುವೆ ಬರ್ತಾ ಇದೀನಿ ಅಂದ್ಕೋಬೇಡಿ. ಗಂಡ ಹೆಂಡ್ತಿ ಅಂದ್ಮೇಲೆ ಇದ್ದಿದ್ದೇ. ಮೊದ್ಲು ಆ ಮಚ್ಚನ್ನ ದೂರ ಇಟ್ಬಿಟ್ಟು ಕೂತ್ಕೊಂಡು ಮಾತಾಡಿ."

ನಾನು ತಲೆ ಎತ್ತಿದೆ. ಆಕೆ ನನ್ನ ಮುಖ ನೋಡಿ ಕಣ್ಣರಳಿಸಿದರು.

"ಅಯ್ಯೋ! ಟೈಲರ್ ಮೇಡಂ!"

ಇಂದಿರಾನಗರದ ಗಿರಾಕಿ. ಆಕೆಗೆ ನನ್ನ ದಾಂಪತ್ಯ ಒಂದೇ ಕ್ಷಣದಲ್ಲಿ ಮರೆತುಹೋಯಿತು. "ಹೋದ ವಾರ ಕೊಟ್ರಲ್ಲಾ, ಆ ಹಸಿರು ಬ್ಲೌಸು, ತೋಳು ಟೈಟ್ ಆಗ್ಬಿಟ್ಟಿದೆ ಮೇಡಂ. ಬರ್ತಾ ದಾರೀಲಿ ನಿಮ್ಮ ಅಂಗಡಿಗೆ ಬಂದಿದ್ದೆ, ಬೀಗ ಹಾಕಿತ್ತು. ಕಾರಲ್ಲೇ ಇದೆ. ಹಾಕ್ಕೊಂಡು ತೋರಿಸ್ಲಾ?"

ಬೇಡ ಎನ್ನುವಷ್ಟರಲ್ಲಿ ಕಾರಿನೊಳಗೆ ಹೋಗಿ ಹಾಕಿಕೊಂಡೇ ಬಂದರು. ಟೇಪು ಇರಲಿಲ್ಲ. ಪರದೆ ಕಟ್ಟುವ ಹಗ್ಗದಲ್ಲಿ ತೋಳಿನ ಅಳತೆ ತೆಗೆದು ಗಂಟು ಹಾಕಿ, ಅಷ್ಟನ್ನು ಕತ್ತರಿಸಿ ಇಟ್ಟುಕೊಂಡೆ. ಆ ರಾತ್ರಿ ಹಗ್ಗ ಸಾಲದೆ ಪರದೆ ಒಂದು ಕಡೆ ಜೋತುಬಿದ್ದು ಸೊಳ್ಳೆಗಳೆಲ್ಲ ನಮ್ಮ ಹಾಸಿಗೆಗೇ ಬಂದವು. ನನಗೆ ಅಳುವೇ ಬಂತು. ಯಜಮಾನರು ಸಮಾಧಾನ ಮಾಡಲು ಹೋಗಿ, "ಹೋಗ್ಲಿ ಬಿಡು, ಅಳತೆ ಸರಿಯಾಗಿ ಸಿಕ್ತಲ್ಲಾ," ಅಂದರು. ಆಗ ನಿಜವಾಗಿಯೂ ಜಗಳವಾಯಿತು.

ಮುಂದಿನ ವಾರ ಆಕೆ ಅಂಗಡಿಗೆ ತನ್ನ ಅಕ್ಕನನ್ನೂ ಕರೆತಂದಿದ್ದರು. "ಮೇಡಂ, ಮತ್ತೆ ಕ್ಯಾಂಪಿಂಗ್ ಯಾವಾಗ ಹೋಗ್ತೀರಾ? ಅಂಗಡೀಲಿ ನೀವು ಸಿಗೋದೇ ಇಲ್ಲ, ತೋಪಲ್ಲಾದ್ರೆ ಆರಾಮಾಗಿ ಸಿಗ್ತೀರಾ."

ಪೂಜೆಗಿಟ್ಟದ್ದು

ಇಷ್ಟಾದ ಮೇಲೆ ನಾನೇ ಹೇಳಿಬಿಟ್ಟೆ, "ಇನ್ನೊಂದೇ ಸಲ. ಆಗ್ಲೂ ನಂಗೆ ಮಲ್ಗೋಕೆ ಸಿಗ್ಲಿಲ್ಲ ಅಂದ್ರೆ ವ್ಯಾನು ಗುಜರಿಗೆ." ಯಜಮಾನರ ಮುಖ ಸಣ್ಣದಾಯಿತು. ವ್ಯಾನಿನ ಹಲಗೆಯನ್ನು ಅವರು ಎಷ್ಟು ಪ್ರೀತಿಯಿಂದ ಉಜ್ಜಿ ನಯ ಮಾಡಿದ್ದರು ಎಂದು ನನಗೆ ಗೊತ್ತು. ಆದರೆ ನನಗೂ ಸಾಕಾಗಿತ್ತು.

ದಿನವನ್ನು ಬಹಳ ಯೋಚಿಸಿ ಆರಿಸಿದೆ. ಆಯುಧ ಪೂಜೆ. ಅಂಗಡಿಯ ಮಿಷನ್ನು, ಕತ್ತರಿ, ಟೇಪು ಎಲ್ಲವೂ ಪೂಜೆಗಿಟ್ಟಿರುತ್ತವೆ. ಮಾರನೆಯ ದಿನ ಪೂಜೆ ಎತ್ತುವ ತನಕ ಯಾವುದನ್ನೂ ಮುಟ್ಟುವ ಹಾಗಿಲ್ಲ. ಅವತ್ತು ಯಾರಾದರೂ ಬ್ಲೌಸ್ ಕೇಳಿದರೆ ದೇವರೇ ನನ್ನ ಪರವಾಗಿ ಇಲ್ಲ ಅನ್ನುತ್ತಾನೆ.

"ಹಬ್ಬದ ದಿನ ನನ್ನೊಬ್ಬಳನ್ನೇ ಬಿಟ್ಟು ಹೋಗ್ತೀರಾ?" ಅಂದರು ಅತ್ತೆ. ಅವರನ್ನೂ ಕರೆದುಕೊಂಡೆವು. ಅಂಗಡಿಯ ಪೂಜೆ ಮುಗಿಯಿತು. ವ್ಯಾನಿಗೆ ಬಾಳೆಕಂದು ಕಟ್ಟಿ, ಬೂದುಗುಂಬಳ ಒಡೆದು, ಚಕ್ರಗಳ ಕೆಳಗೆ ನಿಂಬೆಹಣ್ಣಿಟ್ಟು ಹೊರಟೆವು. ಸಾಮಾನೆಲ್ಲ ಅತ್ತೆಯೇ ಜೋಡಿಸಿಕೊಟ್ಟಿದ್ದರು. ನನಗೆ ಎಷ್ಟು ಖುಷಿಯಾಗಿತ್ತೆಂದರೆ ಹಳೆ ಮದ್ರಾಸ್ ರಸ್ತೆಯ ಟ್ರಾಫಿಕ್ಕಿನಲ್ಲೂ ಹಾಡು ಗುನುಗುತ್ತಿದ್ದೆ.

ತೋಪಿನಲ್ಲಿ ಕುರ್ಚಿ ಹಾಕಿ, ಪರದೆ ಕಟ್ಟಿ, ಚಾಕುಗಳ ಗಂಟು ಬಿಚ್ಚಿದೆ. ಮಚ್ಚಿಗೆ ಕುಂಕುಮ. ಈಳಿಗೆಮಣೆಗೆ ಅರಿಶಿನ, ಕುಂಕುಮ, ಒಂದು ಸೇವಂತಿಗೆ. ಮೀನಿನ ಚಾಕುವಿಗೂ ಸೇವಂತಿಗೆ. ಗ್ಯಾಸ್ ಒಲೆಗೂ ಮೂರು ಬೊಟ್ಟು.

"ಅತ್ತೆ, ಇದೇನಿದು?"

"ಬೆಳಿಗ್ಗೇನೇ ಪೂಜೆ ಮಾಡಿ ಇಟ್ಟೆ ಕಣೆ. ಆಯುಧ ಅಂದ್ಮೇಲೆ ಇವೂ ಆಯುಧಾನೇ ತಾನೆ? ನಾಳೆ ಎತ್ತೋವರೆಗೂ ಮುಟ್ಬೇಡಿ."

ಯಜಮಾನರು ವಾದಕ್ಕಿಳಿದರು. "ಅಮ್ಮಾ, ವ್ಯಾನಿಗೂ ಪೂಜೆ ಮಾಡಿದ್ವಿ. ಅದನ್ನ ಓಡಿಸ್ಕೊಂಡು ಬರ್ಲಿಲ್ವಾ?"

"ಅದು ನಿಂಬೆಹಣ್ಣು ತುಳೀತು. ನಿನ್ ಚಾಕು ಏನು ತುಳಿದಿದೆ?"

ಊರಲ್ಲಿ ಯಾರ ಬಳಿಯೂ ಇಲ್ಲದಂಥ ಚಾಕುಗಳನ್ನು ಎದುರಿಗಿಟ್ಟುಕೊಂಡು ಹಬ್ಬದ ಕಡ್ಲೆಪುರಿ ಬುಕ್ಕಿದೆವು. ಯಜಮಾನರು ಈರುಳ್ಳಿಯನ್ನು ಮುಷ್ಟಿಯಿಂದ ಗುದ್ದಿ ಒಡೆದರು. ಬದನೆಕಾಯಿ ಚೀಲದಲ್ಲೇ ಉಳಿಯಿತು. ನನಗೆ ಮೊದಲು ತುಂಬ ಬೇಜಾರಾಯಿತು. ಆಮೇಲೆ ಹೊಳೆಯಿತು: ಹೆಚ್ಚುವ ಹಾಗಿಲ್ಲ, ಬೇಯಿಸುವ ಹಾಗಿಲ್ಲ, ಪಾತ್ರೆ ತೊಳೆಯುವುದಿಲ್ಲ. ಹಾಸಿಗೆ ಅಲ್ಲೇ ಇದೆ. ಎದ್ದು ದಿಂಬು ಸರಿ ಮಾಡಿಕೊಂಡೆ.

ಅಷ್ಟರಲ್ಲಿ ಆಚೆ ಡೇರೆ ಹಾಕಿದ್ದ ಹುಡುಗ ಹುಡುಗಿ ಬಂದರು. ಅವರ ಡೇರೆಯ ಬಾಗಿಲ ಹೊಲಿಗೆ ಪೂರ್ತಿ ಬಿಟ್ಟುಕೊಂಡಿತ್ತು. ಹುಡುಗಿ ನಮ್ಮ ಪರದೆ ಮುಟ್ಟಿ ನೋಡಿ, "ಎಷ್ಟು ಚೆನ್ನಾಗಿದೆ ಅಂಕಲ್, ಇದನ್ನ ಯಾರು ಹೊಲಿದ್ರು?" ಅಂದಳು.

ನಾನು ಯಜಮಾನರಿಗೆ ಕಣ್ಣು ಮಾಡಿದೆ, ಕೆಮ್ಮಿದೆ. ಆ ಪುಣ್ಯಾತ್ಮ ಎದೆಯುಬ್ಬಿಸಿ, "ನಮ್ ಮನೆಯವ್ರೇ! ಟೈಲರ್ ಅವ್ರು," ಅಂದೇಬಿಟ್ಟರು.

"ಆಂಟೀ, ಪ್ಲೀಸ್ ಆಂಟೀ, ಸೊಳ್ಳೆ ತುಂಬಾ ಇದೆ."

ನಾನು ತಯಾರಾಗಿಯೇ ಇದ್ದೆ. "ಅಯ್ಯೋ, ಇವತ್ತು ಎಲ್ಲಾ ಪೂಜೆಗಿಟ್ಬಿಟ್ಟಿದೀವಲ್ಲಮ್ಮಾ, ಏನೂ ಮುಟ್ಟಂಗಿಲ್ಲ. ಬೇಕಾದ್ರೆ ನಮ್ಮತ್ತೇನೇ ಕೇಳಿ."

ಎಲ್ಲರೂ ಅತ್ತೆಯ ಕಡೆ ತಿರುಗಿದರು. ಅತ್ತೆ ಕಡ್ಲೆಪುರಿ ಜಗಿಯುವುದನ್ನು ನಿಲ್ಲಿಸಿ ನ್ಯಾಯವಾಗಿ ಯೋಚಿಸಿದರು.

"ಮಿಷನ್ನಿಗೆ ಇಟ್ಟಿದೀನಿ. ಕತ್ತರಿಗೆ ಇಟ್ಟಿದೀನಿ. ಸೂಜಿಗೆ ಇಟ್ಟಿಲ್ಲ. ಅಗೋ, ನಿನ್ ಸೆರಗಲ್ಲೇ ಚುಚ್ಕೊಂಡಿದೀಯಲ್ಲ, ದಾರಾನೂ ಇದೆ."

ನೋಡಿಕೊಂಡರೆ ಹೌದು. ಅಭ್ಯಾಸಬಲ. ಹಬ್ಬದ ಸೀರೆಗೂ ಸೂಜಿ ಚುಚ್ಚಿಕೊಂಡೇ ಬಂದಿದ್ದೆ. ಹುಡುಗಿಯ ಮುಖ ಅರಳಿತು. ಯಜಮಾನರು ಟಾರ್ಚ್ ಹಿಡಿಯಲು ಎದ್ದರು. ನಾನು ಹಾಸಿಗೆಯ ಕಡೆ ಒಮ್ಮೆ ನೋಡಿದೆ.

ಸೂಜಿ ಕಿತ್ತೆ. ನನ್ನ ಹಣೆಯ ಕುಂಕುಮವನ್ನು ಬೆರಳಲ್ಲಿ ತೆಗೆದು ಅದಕ್ಕೆ ಹಚ್ಚಿದೆ. ಮಚ್ಚು, ಈಳಿಗೆಮಣೆಯ ಪಕ್ಕದಲ್ಲಿ ಸಾಲಾಗಿಟ್ಟು ಒಂದು ಸೇವಂತಿಗೆ ಎಸಳು ಏರಿಸಿ ಕೈಮುಗಿದೆ.

"ಈಗ ಇಟ್ಟೆ ಅತ್ತೆ. ನಿಮ್ಮ ಮಾತು ಮೀರೋಕಾಗುತ್ತಾ?"

ಅತ್ತೆ ನನ್ನನ್ನು ನೋಡಿದರು, ಸೂಜಿಯನ್ನು ನೋಡಿದರು. ಆಮೇಲೆ ಅವರ ಹೊಟ್ಟೆ ಕುಲುಕತೊಡಗಿತು. ಅವರು ಹಾಗೆ ನಕ್ಕಿದ್ದನ್ನು ನಾನು ನೋಡಿಯೇ ಇರಲಿಲ್ಲ. ನಗುತ್ತಲೇ ತಮ್ಮ ಕೊರಳ ಸರದಲ್ಲಿದ್ದ ಪಿನ್ನುಗಳನ್ನೆಲ್ಲ ಬಿಚ್ಚಿ, ಆ ಹುಡುಗಿಯ ಕೈಗೆ ಕೊಡದೆ, ನೆಲದ ಮೇಲಿಟ್ಟರು.

"ಇವತ್ತಿಗೆ ಇದನ್ನ ಹಾಕ್ಕೊಳಮ್ಮ," ಅಂದರು. "ಹೊಲಿಗೆಗೆ ನಾಳೆ ಬನ್ನಿ."

ಆ ಮಾತನ್ನು ನನ್ನ ಪರವಾಗಿ ಇನ್ನೊಬ್ಬರು ಹೇಳಿದ್ದು ಅದೇ ಮೊದಲು. ಕೇಳಿಸಿಕೊಂಡೇ ನಾನು ಹಾಸಿಗೆ ಮೇಲೆ ಬಿದ್ದೆ. ಬೆಳಿಗ್ಗೆ ಆ ಹುಡುಗಿ ಬಂದು ಎಷ್ಟು ಕರೆದರೂ ನಾನು ಏಳಲಿಲ್ಲವಂತೆ. ಕೊನೆಗೆ ಅತ್ತೆಯೇ ಪೂಜೆ ಎತ್ತಿ, ಕನ್ನಡಕ ಹಾಕಿಕೊಂಡು, ಡೇರೆ ಹೊಲಿದುಕೊಟ್ಟರಂತೆ.